ಒಲೆಯ ಪಕ್ಕಕ್ಕೊಂದು ಪೆಪ್ಪರ್ ಮಿಲ್: ಯಾವುದನ್ನು ಆರಿಸಬೇಕು, ಏಕೆ

ಪೆಪ್ಪರ್ ಮಿಲ್ ಕೊಳ್ಳಲು ಹೊರಟವರ ಕಣ್ಣು ಮೊದಲು ಹೋಗುವುದು ಅದರ ಮೈಮೇಲೆ. ಮರದ್ದೋ ಗಾಜಿನದೋ, ಎಷ್ಟು ಎತ್ತರ, ಮೇಜಿನ ಮೇಲಿಟ್ಟರೆ ಹೇಗೆ ಕಾಣುತ್ತದೆ ಎಂಬ ವಿಚಾರಗಳಲ್ಲೇ ಆಯ್ಕೆ ಮುಗಿದುಹೋಗುತ್ತದೆ. ಆದರೆ ಕಾಳುಮೆಣಸನ್ನು ಒಡೆದು ಪುಡಿ ಮಾಡುವ ಕೆಲಸ ನಡೆಯುವುದು ತಳದಲ್ಲಿ ಕಣ್ಣಿಗೆ ಬೀಳದೆ ಕುಳಿತಿರುವ ಒಂದು ಜೋಡಿ ಹಲ್ಲುಚಕ್ರಗಳ ನಡುವೆ. ಆ ಹಲ್ಲುಗಳು ಯಾವುದರಿಂದ ಆದವು, ಅವುಗಳ ಆಕಾರ ಎಂಥದ್ದು, ಅವುಗಳ ನಡುವಿನ ಸಂದು ಎಷ್ಟು ಅಲುಗಾಡದೆ ನಿಲ್ಲುತ್ತದೆ ಎಂಬ ಮೂರು ಸಂಗತಿಗಳೇ ಒಂದು ಮಿಲ್ ವರ್ಷಗಟ್ಟಲೆ ದುಡಿಯುತ್ತದೆಯೋ ಆರು ತಿಂಗಳಿಗೆ ಕಪಾಟಿನ ಮೂಲೆ ಸೇರುತ್ತದೆಯೋ ಎಂಬುದನ್ನು ನಿರ್ಧರಿಸುತ್ತವೆ.

ಇನ್ನೊಂದು ಪ್ರಶ್ನೆಯನ್ನೂ ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು. ಮಿಲ್ ಬೇಕಾಗಿರುವುದು ಊಟದ ಮೇಜಿಗೋ, ಒಲೆಯ ಪಕ್ಕಕ್ಕೋ? ಮೇಜಿನ ಮೇಲೆ ಒಬ್ಬೊಬ್ಬರೂ ತಮ್ಮ ತಟ್ಟೆಗೆ ಮೂರು ನಾಲ್ಕು ಸುತ್ತು ತಿರುಗಿಸಿಕೊಳ್ಳುತ್ತಾರೆ. ಅಲ್ಲಿ ಪುಡಿ ನಿಧಾನವಾಗಿ ಉದುರಿದರೂ ಯಾರಿಗೂ ತೊಂದರೆಯಿಲ್ಲ. ಒಲೆಯ ಪಕ್ಕದ ಪರಿಸ್ಥಿತಿ ಬೇರೆ. ಅಲ್ಲಿ ಒಂದು ಚಮಚ, ಕೆಲವೊಮ್ಮೆ ಎರಡು ಚಮಚ ಪುಡಿ ಒಮ್ಮೆಗೇ ಬೇಕಾಗುತ್ತದೆ, ಬಾಣಲೆಯಲ್ಲಿರುವುದು ಸೀಯುವ ಮೊದಲು ಬೇಕಾಗುತ್ತದೆ, ಮತ್ತು ಕೈಗೆ ಎಣ್ಣೆಯೋ ನೀರೋ ಅಂಟಿರುತ್ತದೆ. ಅಂಗಡಿಗಳಲ್ಲಿ ಕಾಣುವ ಮಿಲ್‌ಗಳಲ್ಲಿ ಬಹುಪಾಲು ಮೇಜನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪಿಸಿದವು. ಅವನ್ನು ತಂದು ಒಲೆಯ ಪಕ್ಕ ದುಡಿಸಲು ಹೋದಾಗಲೇ ಬೇಸರ ಶುರುವಾಗುತ್ತದೆ. ಆದ್ದರಿಂದ ಇಲ್ಲಿನ ಹೋಲಿಕೆಯೆಲ್ಲ ಅಡುಗೆ ಮಾಡುವವರ ಕೈಯ ದೃಷ್ಟಿಯಿಂದ ನಡೆಯುತ್ತದೆ.

ಪುಡಿ ಆಗಿಂದಾಗ್ಗೆ ಏಕೆ, ತರಿ ಎಷ್ಟು

ಕಾಳುಮೆಣಸಿನ ಖಾರ ಬರುವುದು ಪೈಪರಿನ್ ಎಂಬ ವಸ್ತುವಿನಿಂದ. ಡೆನ್ಮಾರ್ಕಿನ ವಿಜ್ಞಾನಿ ಹ್ಯಾನ್ಸ್ ಕ್ರಿಶ್ಚಿಯನ್ ಅರ್ಸ್ಟೆಡ್ 1819ರಲ್ಲಿ ಇದನ್ನು ಬೇರ್ಪಡಿಸಿದರು. ಮರುವರ್ಷವೇ ವಿದ್ಯುತ್ತಿಗೂ ಕಾಂತಶಕ್ತಿಗೂ ಇರುವ ಸಂಬಂಧವನ್ನು ತೋರಿಸಿಕೊಟ್ಟವರೂ ಇವರೇ. ಪರಿಮಳದ ಕಥೆ ಬೇರೆ. ಅದು ಕಾಳಿನೊಳಗಿನ ತೈಲದಲ್ಲಿದೆ. ಪೈನಿನ್, ಸ್ಯಾಬಿನಿನ್, ಲಿಮೋನಿನ್, ಕ್ಯಾರಿಯೊಫಿಲಿನ್ ಮುಂತಾದ ವಸ್ತುಗಳು ಸೇರಿದ ಈ ತೈಲ ಕಾಳಿನ ತೂಕದಲ್ಲಿ ಸಾಮಾನ್ಯವಾಗಿ ಶೇಕಡಾ 2ರಿಂದ 4ರಷ್ಟಿರುತ್ತದೆ. ಕಾಳು ಇಡಿಯಾಗಿರುವವರೆಗೆ ಸಿಪ್ಪೆ ಇದನ್ನು ಕಾಪಾಡುತ್ತದೆ, ಒಡೆದ ಕ್ಷಣದಿಂದ ತೈಲ ಗಾಳಿಗೆ ಹಾರತೊಡಗುತ್ತದೆ. ಪೈಪರಿನ್ ಹೀಗೆ ಹಾರುವಂಥದ್ದಲ್ಲ. ಡಬ್ಬಿಯಲ್ಲಿ ತಿಂಗಳುಗಟ್ಟಲೆ ಕುಳಿತ ಪುಡಿ ನಾಲಿಗೆಗೆ ಖಾರವೆನಿಸಿದರೂ ಮೂಗಿಗೆ ಬರೀ ಧೂಳಿನಂತೆ ತೋರುವುದಕ್ಕೆ ಕಾರಣ ಇಷ್ಟೇ. ಹಾಗೆ ನೋಡಿದರೆ ನಾವು ಮಿಲ್ ಕೊಳ್ಳುವುದು ಪರಿಮಳಕ್ಕಾಗಿ. ಖಾರವೊಂದೇ ಸಾಕೆನ್ನುವವರಿಗೆ ಪುಡಿಯ ಡಬ್ಬಿಯೇ ಸಾಕು.

ಪುಡಿ ಎಷ್ಟು ನುಣ್ಣಗಾಗುತ್ತದೆ ಎಂಬುದಕ್ಕೂ ಪರಿಮಳಕ್ಕೂ ನೇರ ಸಂಬಂಧವಿದೆ. 5 ಮಿಲಿಮೀಟರ್ ವ್ಯಾಸದ ಒಂದು ಕಾಳನ್ನು ಅರ್ಧ ಮಿಲಿಮೀಟರಿನ ಕಣಗಳಾಗಿ ಒಡೆದರೆ ಸುಮಾರು 1000 ಕಣಗಳಾಗುತ್ತವೆ, ಗಾಳಿಗೆ ತೆರೆದುಕೊಳ್ಳುವ ಮೇಲ್ಮೈ 10 ಪಟ್ಟು ಹೆಚ್ಚುತ್ತದೆ. ನುಣ್ಣನೆಯ ಪುಡಿ ತನ್ನ ಪರಿಮಳವನ್ನೂ ಖಾರವನ್ನೂ ಕೂಡಲೇ ಬಿಟ್ಟುಕೊಟ್ಟು ಸೂಪಿನಲ್ಲೋ ಸಾಸಿನಲ್ಲೋ ಸಮವಾಗಿ ಬೆರೆತುಹೋಗುತ್ತದೆ. ತರಿತರಿಯಾದದ್ದು ಹಾಗಲ್ಲ, ಅದು ಹಲ್ಲಿಗೆ ಸಿಕ್ಕಾಗ ಮಾತ್ರ ಬಿರಿದು, ಸಲಾಡಿನ ಮೇಲೆ, ಬೇಯಿಸಿದ ಮೊಟ್ಟೆಯ ಮೇಲೆ, ಹುರಿಯುವ ಮುನ್ನ ಮಾಂಸಕ್ಕೆ ಒತ್ತಿ ಹಚ್ಚುವಾಗ ತನ್ನ ಗುಣ ತೋರಿಸುತ್ತದೆ. ಹೀಗಾಗಿ ಅಡುಗೆಯ ಮಿಲ್‌ಗೆ ನುಣುಪಿನ ತುದಿಯೂ ಬೇಕು, ತರಿಯ ತುದಿಯೂ ಬೇಕು.

ಇಲ್ಲಿ ಒಂದು ಸೂಕ್ಷ್ಮವಿದೆ. ನುಣ್ಣಗೆ ಬೀಸುವುದು ಕಷ್ಟದ ಕೆಲಸವಲ್ಲ, ಸಂದು ಕಿರಿದಾದರೆ ಸಾಮಾನ್ಯ ಮಿಲ್ ಕೂಡ ಅದನ್ನು ಮಾಡುತ್ತದೆ, ತಡವಾಗಿಯಾದರೂ. ಕೆಟ್ಟ ಮಿಲ್‌ನ ಬಣ್ಣ ಬಯಲಾಗುವುದು ತರಿಯ ಕಡೆಗೆ ತಿರುಗಿಸಿದಾಗ. ಆಗ ಅದರಿಂದ ಒಂದಷ್ಟು ಅರ್ಧ ಕಾಳು, ಒಂದಷ್ಟು ಚೂರು, ಒಂದಷ್ಟು ಹಿಟ್ಟಿನಂಥ ಧೂಳು ಒಟ್ಟಿಗೇ ಬೀಳುತ್ತವೆ. ಬಿಸಿ ಬಾಣಲೆಯಲ್ಲಿ ಆ ಧೂಳು ಮೊದಲು ಸೀದು ಕಹಿಯಾಗುತ್ತದೆ, ಅರ್ಧ ಕಾಳು ಹಲ್ಲಿಗೆ ಸಿಕ್ಕಿ ಬಾಯಿ ಉರಿಸುತ್ತದೆ. ನನ್ನ ಮಟ್ಟಿಗೆ ಯಾವುದೇ ಮಿಲ್ ಅನ್ನು ಅಳೆಯಲು ಇದಕ್ಕಿಂತ ನಂಬಲರ್ಹವಾದ ಪರೀಕ್ಷೆ ಇನ್ನೊಂದಿಲ್ಲ.

ಹಲ್ಲುಗಳು

ಮಿಲ್‌ನ ಒಳಗಿನ ರಚನೆ ಸರಳ. ಹೊರಗೆ ಅಲುಗಾಡದ ಒಂದು ಬಳೆ, ಅದರ ಒಳಗೋಡೆಗೆ ಹಲ್ಲು. ಬಳೆಯೊಳಗೆ ತಿರುಗುವ ಒಂದು ಶಂಕು, ಅದರ ಹೊರಮೈಗೆ ಹಲ್ಲು. ಬೀಸುಕಲ್ಲಿನ ಎರಡು ಚಪ್ಪಟೆ ಕಲ್ಲುಗಳ ಬದಲು ಒಂದರೊಳಗೊಂದು ಕುಳಿತ ಎರಡು ಶಂಕುಗಳು ಎಂದುಕೊಂಡರೆ ಚಿತ್ರ ಸ್ಪಷ್ಟವಾಗುತ್ತದೆ. ಮೇಲ್ಭಾಗದ ಹಲ್ಲುಗಳು ಅಗಲವಾಗಿ, ಆಳವಾಗಿ ಇರಬೇಕು, ಏಕೆಂದರೆ ಕಾಳನ್ನು ಹಿಡಿದು ಒಳಗೆ ಎಳೆದು ಮೊದಲ ಬಾರಿ ಒಡೆಯುವುದು ಅವೇ. ಕೆಳಗಿನವು ಸಣ್ಣವು, ಒತ್ತಾಗಿರುವವು; ಒಡೆದ ಚೂರನ್ನು ಬೇಕಾದ ಗಾತ್ರಕ್ಕೆ ತರುವುದು ಅವುಗಳ ಕೆಲಸ. ಫ್ರಾನ್ಸಿನ ಪ್ಯೂಜೊ ಕಂಪನಿ ಕಾರು ತಯಾರಿಸುವುದಕ್ಕೆ ಎಷ್ಟೋ ಮೊದಲೇ, 1840ರಲ್ಲಿ ಕಾಫಿ ಬೀಸುವ ಮಿಲ್ ಅನ್ನೂ 1874ರಲ್ಲಿ ಮೆಣಸಿನ ಮಿಲ್ ಅನ್ನೂ ಹೊರತಂದಿತು. ಸುರುಳಿಯಾಗಿ ಇಳಿಯುವ ಎರಡು ಸಾಲು ಹಲ್ಲುಗಳ ಅದರ ವಿನ್ಯಾಸ ಇಂದಿಗೂ ಮೂಲದಲ್ಲಿ ಹಾಗೆಯೇ ಉಳಿದಿದೆ.

ಮೇಲಿನ ಸಾಲಿನ ಈ ಹಿಡಿತವೇ ಮಿಲ್‌ನ ವೇಗವನ್ನು ತೀರ್ಮಾನಿಸುತ್ತದೆ. ಒಣಗಿದ ಕಾಳುಗಳ ವ್ಯಾಸ ಬಹುತೇಕ 3ರಿಂದ 6 ಮಿಲಿಮೀಟರಿನ ನಡುವೆ ಇರುತ್ತದೆ. ಮೇಲಿನ ಹಲ್ಲುಗಳ ನಡುವಿನ ಜಾಗ ಕಿರಿದಾಗಿದ್ದರೆ ದಪ್ಪ ಕಾಳುಗಳು ಅದರ ಮೇಲೆ ಉರುಳಾಡುತ್ತಲೇ ಇರುತ್ತವೆ, ಒಳಗೆ ಇಳಿಯುವುದಿಲ್ಲ. ತಲೆ ಸಲೀಸಾಗಿ ತಿರುಗುತ್ತದೆ, ಪುಡಿ ಮಾತ್ರ ಬೀಳುವುದಿಲ್ಲ. ಮಿಲ್ ಕಟ್ಟಿಕೊಂಡಿದೆ ಎಂದು ಎಷ್ಟೋ ಜನ ಭಾವಿಸುವುದು ಇಂಥ ಹೊತ್ತಿನಲ್ಲೇ; ಒಮ್ಮೆ ಕುಲುಕಿದರೆ ಸ್ವಲ್ಪ ಬೀಳುತ್ತದೆ, ಮತ್ತೆ ನಿಲ್ಲುತ್ತದೆ. ಒಳ್ಳೆಯ ದಪ್ಪ ಕಾಳು ಕೊಳ್ಳುವ ಅಭ್ಯಾಸವಿರುವವರು ಈ ಅಂಶವನ್ನು ವಿಶೇಷವಾಗಿ ಗಮನಿಸಬೇಕು.

ಇನ್ನು ಹಲ್ಲುಗಳನ್ನು ಯಾವುದರಿಂದ ಮಾಡಿದ್ದಾರೆ ಎಂಬ ಪ್ರಶ್ನೆ. ಮುಖ್ಯ ಸ್ಪರ್ಧೆ ಇರುವುದು ಗಡಸುಗೊಳಿಸಿದ ಕಾರ್ಬನ್ ಉಕ್ಕು ಮತ್ತು ಸೆರಾಮಿಕ್ ನಡುವೆ. ಕಾರ್ಬನ್ ಉಕ್ಕಿಗೆ ಹರಿತವಾದ ಅಂಚು ಕೊಡಬಹುದು, ಶಾಖದಿಂದ ಸಂಸ್ಕರಿಸಿದಾಗ ಆ ಅಂಚು ಬಹುಕಾಲ ನಿಲ್ಲುತ್ತದೆ. ಅದು ಕಾಳನ್ನು ಕತ್ತರಿಸುತ್ತದೆ. ಹಾಗಾಗಿ ತರಿ ಸಮವಾಗಿ ಬರುತ್ತದೆ, ಕೈಗೆ ಶ್ರಮವೂ ಕಡಿಮೆ. ಅದರ ದೌರ್ಬಲ್ಯ ಒಂದೇ, ತುಕ್ಕು. ತೇವ ಮತ್ತು ಉಪ್ಪು ಎರಡೂ ಅದಕ್ಕೆ ಶತ್ರುಗಳು. ಕಾರ್ಬನ್ ಉಕ್ಕಿನ ಮಿಲ್‌ಗೆ ತಪ್ಪಿಯೂ ಕಲ್ಲುಪ್ಪು ಹಾಕಬಾರದು, ಮೆಣಸಿನ ಜೊತೆ ಬೆರೆಸಿಯೂ ಹಾಕಬಾರದು.

ಸೆರಾಮಿಕ್ ಹಲ್ಲುಗಳು ಸಾಮಾನ್ಯವಾಗಿ ಅಲ್ಯೂಮಿನಿಯಂ ಆಕ್ಸೈಡಿನಿಂದ ಆದವು. ವಸ್ತುಗಳ ಗಡಸುತನಕ್ಕೆ 1ರಿಂದ 10ರವರೆಗೆ ಅಂಕ ಕೊಡುವ ಮೋಸ್ ಅಳತೆಯಲ್ಲಿ ಈ ವಸ್ತು 9ರ ಆಸುಪಾಸಿನಲ್ಲಿದೆ, ಅಂದರೆ ಮೆಣಸಿನಿಂದ ಅದು ಸವೆಯುವ ಮಾತೇ ಇಲ್ಲ. ತುಕ್ಕು ಹಿಡಿಯುವುದಿಲ್ಲ, ಉಪ್ಪಿಗೂ ಸೈ. ಆದರೆ ಅಚ್ಚಿನಲ್ಲಿ ಒತ್ತಿ ಸುಟ್ಟು ತಯಾರಿಸುವ ಹಲ್ಲಿಗೆ ಉಕ್ಕಿನಷ್ಟು ಚೂಪಾದ ಅಂಚು ಕೊಡುವುದು ಕಷ್ಟ, ಚೂಪು ಮಾಡಿದರೂ ಅದು ಚಕ್ಕೆಯೇಳಬಹುದು. ಹೀಗಾಗಿ ಸೆರಾಮಿಕ್ ಮಿಲ್ ಕಾಳನ್ನು ಕತ್ತರಿಸುವುದಕ್ಕಿಂತ ಹೆಚ್ಚಾಗಿ ಜಜ್ಜುತ್ತದೆ. ಜಜ್ಜಿದಾಗ ಧೂಳು ಹೆಚ್ಚು, ತರಿಯಲ್ಲಿ ಏರುಪೇರು ಹೆಚ್ಚು, ವೇಗ ಕಡಿಮೆ. ಕೈತಪ್ಪಿ ಕಲ್ಲುಹಾಸಿನ ನೆಲಕ್ಕೆ ಬಿದ್ದರೆ ಒಡೆಯುವ ಭಯವೂ ಇದ್ದೇ ಇದೆ. ಇಷ್ಟಾದರೂ, ಗಾಳಿಯಲ್ಲಿ ಸದಾ ತೇವವಿರುವ ಊರುಗಳಲ್ಲಿ, ಅಡುಗೆಮನೆ ಚಿಕ್ಕದಾಗಿ ಹಬೆ ಹೋಗಲು ದಾರಿಯಿಲ್ಲದ ಮನೆಗಳಲ್ಲಿ ನಾನು ಸೆರಾಮಿಕ್ಕನ್ನೇ ಸೂಚಿಸುತ್ತೇನೆ. ತುಕ್ಕು ಹಿಡಿದ ಒಳ್ಳೆಯ ಉಕ್ಕಿಗಿಂತ ತುಕ್ಕು ಹಿಡಿಯದ ಸಾಧಾರಣ ಸೆರಾಮಿಕ್ ಮೇಲು.

ಸ್ಟೇನ್‌ಲೆಸ್ ಸ್ಟೀಲ್ ಇವೆರಡರ ನಡುವೆ ನಿಲ್ಲುತ್ತದೆ. ಅದರಲ್ಲಿ ದರ್ಜೆಗಳು ಹಲವು: ಗಡಸುಗೊಳಿಸಿ, ಯಂತ್ರದಲ್ಲಿ ಕಡೆದು ಹಲ್ಲು ತೆಗೆದದ್ದು ಬಹಳ ಚೆನ್ನಾಗಿರುತ್ತದೆ, ಬೆಲೆಯೂ ಹಾಗೆಯೇ ಏರುತ್ತದೆ, ಅಗ್ಗದ ಮಿಲ್‌ಗಳಲ್ಲಿ ಬರುವ ಮೃದು ಸ್ಟೀಲು ಬೇಗ ಮೊಂಡಾಗುತ್ತದೆ. ಸತುವಿನ ಮಿಶ್ರಲೋಹದ ಎರಕದ ಹಲ್ಲುಗಳ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ, ಬೇಡ. ಪ್ಲಾಸ್ಟಿಕ್ ಹಲ್ಲುಗಳಂತೂ, ಮೆಣಸು ತುಂಬಿಸಿಯೇ ಮಾರುವ ಬಳಸಿ ಎಸೆಯುವ ಬಾಟಲಿಗಳಲ್ಲಿ ಇರುವಂಥವು, ಕಾಳಿನ ಜೊತೆ ತಾವೂ ಸವೆಯುತ್ತವೆ, ಸವೆದದ್ದು ಹೋಗುವುದು ತಟ್ಟೆಗೇ.

ಒಂದು ಎಚ್ಚರಿಕೆಯನ್ನು ಇಲ್ಲಿ ಸೇರಿಸಬೇಕು. ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಎಂದು ಬರೆದಿದ್ದರೆ ಅದು ಎಷ್ಟೋ ಸಲ ಹೊರಗಿನ ಮೈಯ ಮಾತಾಗಿರುತ್ತದೆ. ಹಲ್ಲುಗಳ ಬಗ್ಗೆ ಪ್ರತ್ಯೇಕವಾಗಿ ಏನು ಹೇಳಿದೆ ಎಂದು ಹುಡುಕಿ ಓದಬೇಕು, ಸಾಧ್ಯವಾದರೆ ಮಿಲ್ ಅನ್ನು ಬೋರಲು ಹಾಕಿ ಕಣ್ಣಾರೆ ನೋಡಬೇಕು. ಬಿಳಿ ಅಥವಾ ಕೆನೆ ಬಣ್ಣದ ನುಣುಪಾದ ಹಲ್ಲು ಸೆರಾಮಿಕ್ ಇರಬಹುದು, ಉಗುರಿನಿಂದ ತಟ್ಟಿದಾಗ ಮಂದ ಸದ್ದು ಬಂದರೆ ಪ್ಲಾಸ್ಟಿಕ್ ಇರಬಹುದು. ಹಲ್ಲು ಯಾವುದರದ್ದು ಎಂದು ತಯಾರಕರು ಎಲ್ಲೂ ಹೇಳದೆ ಬಿಟ್ಟಿದ್ದರೆ ಅದನ್ನೇ ಉತ್ತರವೆಂದು ತಿಳಿಯುವುದು ಲೇಸು.

ತಿರುಗಿಸುವ ಬಗೆ

ತಲೆಯನ್ನು ಹಿಡಿದು ತಿರುಗಿಸುವ ಮಿಲ್ ಎಲ್ಲಕ್ಕಿಂತ ಸಾಮಾನ್ಯ. ಅದರಲ್ಲಿ ಮುರಿಯುವಂಥ ಭಾಗಗಳು ಕಡಿಮೆ, ಸರಿಪಡಿಸುವುದು ಸುಲಭ. ತೊಡಕಿರುವುದು ಮಣಿಕಟ್ಟಿನಲ್ಲಿ. ನಮ್ಮ ಕೈ ಒಂದು ಸಲಕ್ಕೆ ಅರ್ಧ ಸುತ್ತಿಗಿಂತ ಹೆಚ್ಚು ತಿರುಗುವುದಿಲ್ಲ. ಬಿಟ್ಟು ಹಿಡಿದು ಮತ್ತೆ ತಿರುಗಿಸಬೇಕು. ಹಲ್ಲುಗಳು ಒಂದೇ ದಿಕ್ಕಿಗೆ ಕತ್ತರಿಸುವಂತೆ ರೂಪುಗೊಂಡಿದ್ದರೆ ಕೈಯನ್ನು ಹಿಂದಕ್ಕೆ ತರುವ ಶ್ರಮವೆಲ್ಲ ವ್ಯರ್ಥವಾಗುತ್ತದೆ. ಎಣ್ಣೆ ಅಂಟಿದ ಕೈಗೆ ನುಣುಪಾದ ಮರದ ತಲೆ ಜಾರುತ್ತದೆ ಎಂಬುದೂ ಸಣ್ಣ ವಿಷಯವಲ್ಲ. ಈ ಬಗೆಯದ್ದನ್ನೇ ಕೊಳ್ಳುವುದಾದರೆ ತಲೆ ದಪ್ಪಗಿದ್ದು, ಅಂಗೈ ತುಂಬ ಹಿಡಿಯುವಂತಿರಲಿ.

ಮೇಲೆ ಹಿಡಿಕೆಯಿರುವ, ಗರಗರನೆ ಸುತ್ತಿಸುವ ಮಿಲ್ ನನಗೆ ಅಡುಗೆಯ ಕೆಲಸಕ್ಕೆ ಹೆಚ್ಚು ಒಪ್ಪುವಂಥದ್ದು. ಕಾರಣ ಲೆಕ್ಕದಲ್ಲೇ ಇದೆ. 5 ಸೆಂಟಿಮೀಟರ್ ವ್ಯಾಸದ ತಲೆಯನ್ನು ತಿರುಗಿಸುವಾಗ ಕೈಯ ಬಲ ಮಧ್ಯದ ಕಂಬಿಯಿಂದ 2.5 ಸೆಂಟಿಮೀಟರ್ ದೂರದಲ್ಲಿ ಬೀಳುತ್ತದೆ. ಹಿಡಿಕೆಯ ತೋಳು 7.5 ಸೆಂಟಿಮೀಟರ್ ಉದ್ದವಿದ್ದರೆ ಅದೇ ಬಲ ಮೂರು ಪಟ್ಟು ಕೆಲಸ ಮಾಡುತ್ತದೆ. ಜೊತೆಗೆ ಕೈಯನ್ನು ಬಿಟ್ಟು ಹಿಡಿಯುವ ಗೋಜಿಲ್ಲದೆ ಸುತ್ತು ನಿರಂತರವಾಗಿ ಸಾಗುತ್ತದೆ. ತುರ್ಕಿಯ ಹಿತ್ತಾಳೆಯ ಕೊಳವೆ ಮಿಲ್‌ಗಳು ಈ ಜಾತಿಯವು. ನೋಡಲು ಸಪೂರ, ಬೀಸಲು ಬಲಿಷ್ಠ, ಆದರೆ ತುಂಬಿಸುವ ಬಾಯಿ ಚಿಕ್ಕದು, ಪುಡಿಯನ್ನು ಹಿಡಿಯಲು ತಳದಲ್ಲಿರುವ ಬಟ್ಟಲನ್ನು ಪ್ರತಿ ಸಲ ಬಿಚ್ಚಬೇಕು. ಮೇಜಿಗೆ ಹಿಡಿಕೆಯ ಮಿಲ್ ಅಷ್ಟಾಗಿ ಹೊಂದುವುದಿಲ್ಲ, ಸುತ್ತಿಸುವಾಗ ಮೊಣಕೈ ಪಕ್ಕದವರಿಗೆ ತಗಲುತ್ತದೆ.

ಎರಡು ಹಿಡಿಗಳನ್ನು ಒತ್ತಿದಾಗ ಪುಡಿ ಉದುರಿಸುವ, ಮೊಲದ ಕಿವಿಯಂತೆ ಕಾಣುವ ಮಿಲ್‌ಗಳು ಒಂದೇ ಕೈಗೆ ಸಾಕು ಎಂಬ ಕಾರಣಕ್ಕೆ ಆಕರ್ಷಕ. ಒಂದು ಒತ್ತಿಗೆ ಬೀಳುವುದು ಚಿಟಿಕೆಗಿಂತ ಕಡಿಮೆ. ಒಂದು ಚಮಚ ತುಂಬುವಷ್ಟರಲ್ಲಿ ಹೆಬ್ಬೆರಳಿನ ಬುಡ ನೋಯುತ್ತದೆ.

ಬ್ಯಾಟರಿಯ ಮಿಲ್‌ಗಳನ್ನು ಹಗುರವಾಗಿ ತಳ್ಳಿಹಾಕುವವರಿದ್ದಾರೆ, ನಾನು ಅವರ ಜೊತೆಗಿಲ್ಲ. ಸಂಧಿವಾತದಿಂದ ಬೆರಳು ಬಾಗದವರಿಗೆ, ಒಂದು ಕೈಯಲ್ಲಿ ಮಾತ್ರ ಕೆಲಸ ಮಾಡಬಲ್ಲವರಿಗೆ, ಹಸಿ ಮಾಂಸ ಮುಟ್ಟಿದ ಕೈಯನ್ನು ದೂರವಿಟ್ಟು ಇನ್ನೊಂದರಲ್ಲಿ ಮೆಣಸು ಉದುರಿಸಬೇಕಾದವರಿಗೆ ಅದು ನಿಜವಾಗಿ ಉಪಕಾರಿ. ಆದರೆ ಅದರ ಮಿತಿಗಳನ್ನು ತಿಳಿದೇ ಕೊಳ್ಳಬೇಕು. ಮೋಟಾರು ಮತ್ತು ಬ್ಯಾಟರಿಗಳು ಮೈಯ ಅರ್ಧ ಭಾಗವನ್ನು ತಿಂದುಹಾಕುವುದರಿಂದ ಕಾಳಿಗೆ ಉಳಿಯುವ ಜಾಗ ಸ್ವಲ್ಪವೇ. ಹೆಚ್ಚಿನವುಗಳಲ್ಲಿ ಇರುವುದು ಸೆರಾಮಿಕ್ ಹಲ್ಲು. ಮೋಟಾರು ಸಣ್ಣದಾದ್ದರಿಂದ ದಪ್ಪ ಕಾಳು ಸಿಕ್ಕಾಗ ಗುರ್ ಎಂದು ನಿಂತುಬಿಡುವುದುಂಟು. ಬೋರಲು ಮಾಡಿದ ಕೂಡಲೇ ತಾನಾಗಿ ಓಡುವ ಮಾದರಿಗಳು ಬಳಸಲು ಸುಲಭ, ಕಪಾಟಿನಲ್ಲಿ ಉರುಳಿ ಬಿದ್ದರೂ ಓಡುತ್ತವೆ ಎಂಬುದು ಮಾತ್ರ ತಮಾಷೆಯಲ್ಲ. ಬ್ಯಾಟರಿ ಬದಲಿಸುವ ಬದಲು ಚಾರ್ಜ್ ಮಾಡುವಂಥದ್ದು ಸಿಕ್ಕರೆ ಅದೇ ವಾಸಿ.

ಸಂದಿನ ಹೊಂದಾಣಿಕೆ

ಹಳೆಯ ಮಾದರಿಯಲ್ಲಿ ತಲೆಯ ತುದಿಯಲ್ಲಿ ಒಂದು ಗುಂಡಿಯಂಥ ತಿರುಪು ಇರುತ್ತದೆ. ಬಿಗಿ ಮಾಡಿದರೆ ನುಣ್ಣಗೆ, ಸಡಿಲಿಸಿದರೆ ತರಿ. ಸರಳವಾದ ಏರ್ಪಾಡು, ಹಂತಗಳ ಕಟ್ಟುಪಾಡಿಲ್ಲದೆ ಬೇಕಾದ ಕಡೆ ನಿಲ್ಲಿಸಬಹುದು. ಕೆಟ್ಟದ್ದೇನೆಂದರೆ ತಲೆಯನ್ನು ತಿರುಗಿಸುತ್ತ ಹೋದಂತೆ ಆ ತಿರುಪೂ ಜೊತೆಗೇ ಸ್ವಲ್ಪ ಸ್ವಲ್ಪ ತಿರುಗಿ, ತರಿಯಿಂದ ಶುರುವಾದದ್ದು ಗೊತ್ತಿಲ್ಲದೆ ಇನ್ನಷ್ಟು ತರಿಯಾಗಿಯೋ ನುಣ್ಣಗಾಗಿಯೋ ಮುಗಿಯುತ್ತದೆ. ತಿರುಪನ್ನು ತುಂಬ ಸಡಿಲಿಸಿದಾಗ ತಲೆ ಗಡಗಡ ಅಲುಗಾಡುತ್ತದೆ. ಮೇಲಾಗಿ ಕಾಳು ತುಂಬಿಸಲು ಆ ತಿರುಪನ್ನೇ ಬಿಚ್ಚಬೇಕಾದ್ದರಿಂದ ಪ್ರತಿ ಸಲವೂ ಹೊಂದಾಣಿಕೆ ಮೊದಲಿನಿಂದ.

ತಳದಲ್ಲಿ ಬಳೆಯಿರುವ ಮಾದರಿ ಇದಕ್ಕಿಂತ ಉತ್ತಮ. ಬಳೆಯನ್ನು ತಿರುಗಿಸಿದಾಗ ಟಕ್ ಎಂದು ಒಂದು ಹಂತಕ್ಕೆ ಕೂರುತ್ತದೆ, ಸಾಮಾನ್ಯವಾಗಿ ಆರು ಹಂತಗಳವರೆಗೆ. ನಾಳೆಯೂ ಅದೇ ಹಂತ, ಅದೇ ತರಿ. ಪ್ಯೂಜೊದ ಹಲವು ಮಾದರಿಗಳಲ್ಲೂ ಇಂಗ್ಲೆಂಡಿನ ಕೋಲ್ ಆ್ಯಂಡ್ ಮೇಸನ್‌ನ ಕೆಲವು ಮಾದರಿಗಳಲ್ಲೂ ಈ ಏರ್ಪಾಡಿದೆ. ಹಂತಗಳ ಸಂಖ್ಯೆ ಕಂಡು ಮರುಳಾಗಬೇಕಿಲ್ಲ. ಆರಲ್ಲಿ ಮೂರು ಹಂತಗಳ ಪುಡಿ ಒಂದೇ ಥರ ಕಂಡರೆ ಅವು ಮೂರಲ್ಲ, ಒಂದೇ. ಅಡುಗೆಗೆ ನಿಜವಾಗಿ ಬೇಕಾದದ್ದು ಒಂದಕ್ಕೊಂದು ಸ್ಪಷ್ಟವಾಗಿ ಬೇರೆಯಾದ ಮೂರು: ಹಿಟ್ಟಿನಂಥದ್ದು, ಸಣ್ಣ ರವೆಯಂಥದ್ದು, ಕಾಳು ನಾಲ್ಕಾರು ಚೂರಾದಂಥದ್ದು. ಅಮೆರಿಕದ ಯೂನಿಕಾರ್ನ್ ಮ್ಯಾಗ್ನಮ್ ಎಂಬ ಮಿಲ್ ತಳದ ತಿರುಪಿನಿಂದಲೇ ಹಂತಗಳಿಲ್ಲದೆ ಹೊಂದಿಸುವಂಥದ್ದು. ಕಪ್ಪು ಪ್ಲಾಸ್ಟಿಕ್ ಮೈಯ ಅದನ್ನು ಯಾರೂ ಚೆಲುವೆಂದು ಹೊಗಳಲಾರರು, ಆದರೆ ಅಡುಗೆಯವರಲ್ಲಿ ಅದಕ್ಕೆ ಹೆಸರಿರುವುದು ಒಂದು ಸುತ್ತಿಗೆ ಅದು ಉದುರಿಸುವ ಪುಡಿಯ ಪ್ರಮಾಣದಿಂದ. ಹಲ್ಲು ಉಕ್ಕಿನದಾಗಿದ್ದರೆ ಮೈ ಪ್ಲಾಸ್ಟಿಕ್ ಆದರೂ ನನ್ನ ತಕರಾರಿಲ್ಲ.

ಮೈ, ಹೊಟ್ಟೆ, ಬಾಯಿ

ಎತ್ತರದ ಮಿಲ್ ಹೆಚ್ಚು ಬೀಸುತ್ತದೆ ಎಂಬುದು ತಪ್ಪು ಎಣಿಕೆ. ಒಂದೇ ಸಾಲಿನ ಗಿಡ್ಡ ಮಿಲ್‌ಗೂ ಉದ್ದ ಮಿಲ್‌ಗೂ ಅನೇಕ ಸಲ ಅದೇ ಹಲ್ಲುಗಳೇ ಇರುತ್ತವೆ. ಉದ್ದವಾದದ್ದರಲ್ಲಿ ಹಿಡಿಯುವ ಕಾಳು ಮಾತ್ರ ಹೆಚ್ಚು. ಎಷ್ಟು ಕಾಳು ಬೇಕು ಎಂಬುದಕ್ಕೆ ಒಂದು ಅಂದಾಜು ಹೀಗಿದೆ: ಒಂದು ಲೀಟರ್ ಅಳತೆಯ ಕಾಳುಮೆಣಸು 500ರಿಂದ 600 ಗ್ರಾಂ ತೂಗುತ್ತದೆ, ಆದ್ದರಿಂದ 100 ಮಿಲಿಲೀಟರಿನ ಹೊಟ್ಟೆಯಲ್ಲಿ 50-60 ಗ್ರಾಂ ಹಿಡಿಯುತ್ತದೆ. ಒಂದು ಟೀ ಚಮಚ ಪುಡಿಗೆ ಎರಡು ಗ್ರಾಮಿಗಿಂತ ತುಸು ಹೆಚ್ಚು ಬೇಕು. ವಾರಕ್ಕೆ ನಾಲ್ಕೈದು ಚಮಚ ಬಳಸುವ ಮನೆಗೆ ಒಮ್ಮೆ ತುಂಬಿಸಿದ್ದು ಐದು ವಾರ ಸಾಕು. ಅದಕ್ಕಿಂತ ದೊಡ್ಡ ಹೊಟ್ಟೆಯಿಂದ ಲಾಭವೇನೂ ಇಲ್ಲ, ಒಲೆಯ ಬಿಸಿ ತಗಲುವ ಜಾಗದಲ್ಲಿ ಕಾಳನ್ನು ತಿಂಗಳುಗಟ್ಟಲೆ ಕೂಡಿಡುವ ಅಗತ್ಯವಾದರೂ ಏನು? ಹೊಟ್ಟೆಗಿಂತ ಮುಖ್ಯವಾದದ್ದು ಬಾಯಿ. ಅದು ಎರಡು ಬೆರಳಿನಷ್ಟಾದರೂ ಅಗಲವಿದ್ದು, ನಡುವೆ ಕಂಬಿ ಅಡ್ಡ ಬರದಂತಿರಬೇಕು. ಇಲ್ಲದಿದ್ದರೆ ತುಂಬಿಸಿದಷ್ಟೇ ಕಾಳನ್ನು ನೆಲದಿಂದಲೂ ಹೆಕ್ಕಬೇಕಾಗುತ್ತದೆ.

ಮೈ ಮರದ್ದಾದರೆ ಹಿಡಿಯಲು ಹಿತ, ತೇವದಲ್ಲಿ ಉಬ್ಬಿ ತಲೆ ಬಿಗಿಯಾಗುವ ಸಾಧ್ಯತೆಯುಂಟು. ಅಕ್ರಿಲಿಕ್ ಅಥವಾ ಗಾಜಾದರೆ ಎಷ್ಟು ಕಾಳು ಉಳಿದಿದೆ ಎಂದು ಕಾಣುತ್ತದೆ. ಆದರೆ ಬೆಳಕು ಬಿದ್ದಂತೆ ಪೈಪರಿನ್ ಖಾರ ಕಡಿಮೆಯಿರುವ ರೂಪಕ್ಕೆ ಬದಲಾಗುವುದರಿಂದ ಪಾರದರ್ಶಕ ಮಿಲ್ ಅನ್ನು ಕಿಟಕಿಯಿಂದ ದೂರವಿಡಬೇಕು. ಪ್ಲಾಸ್ಟಿಕ್ ಮೈಗೆ ಸ್ಥಿರ ವಿದ್ಯುತ್ತಿನಿಂದ ಪುಡಿ ಅಂಟಿಕೊಳ್ಳುವುದೂ ಇದ್ದದ್ದೇ. ಹಲ್ಲು ಮೇಲ್ಭಾಗದಲ್ಲಿದ್ದು ತಲೆಕೆಳಗು ಮಾಡಿ ಬಳಸುವ ಮಾದರಿಗಳು ಕಟ್ಟೆಯ ಮೇಲೆ ಪುಡಿ ಚೆಲ್ಲುವುದಿಲ್ಲ ಎಂಬುದು ಅವುಗಳ ದೊಡ್ಡ ಗುಣ. ಉಳಿದವಕ್ಕೆ ಅಡಿಯಲ್ಲೊಂದು ಸಣ್ಣ ತಟ್ಟೆ ಇಟ್ಟರಾಯಿತು.

ಮಿಲ್ ಬೇಡವೆನ್ನುವವರಿಗೆ

ಕಲ್ಲಿನ ಕುಟ್ಟಾಣಿ ಈ ಹೋಲಿಕೆಯಲ್ಲಿ ಗೌರವದ ಸ್ಥಾನಕ್ಕೆ ಅರ್ಹ. ಹಲ್ಲು ಮೊಂಡಾಗುವುದಿಲ್ಲ, ಕಟ್ಟಿಕೊಳ್ಳುವುದಿಲ್ಲ, ಕಾಳನ್ನು ಹುರಿದು ಬಿಸಿಯಿರುವಾಗಲೇ ಕುಟ್ಟಬಹುದು, ದಪ್ಪ ತರಿಗೆ ಎಷ್ಟೋ ಮಿಲ್‌ಗಳಿಗಿಂತ ಅದೇ ವಾಸಿ. ಅದರಲ್ಲಿ ಸೋಲುವುದು ನುಣುಪು ಮತ್ತು ಸಮತೆ. ಮೊದಲೆರಡು ಏಟಿಗೆ ಕಾಳುಗಳು ಹಾರಿ ಹೊರಗೆ ಬೀಳುವುದನ್ನು ತಡೆಯಲು ಅಂಗೈಯನ್ನು ಬಾಯಿಗೆ ಅಡ್ಡ ಹಿಡಿಯಬೇಕು. ಬ್ಲೇಡಿನ ವಿದ್ಯುತ್ ಗ್ರೈಂಡರ್ ಒಮ್ಮೆಗೇ 50 ಗ್ರಾಂ ಪುಡಿ ಬೇಕಾದಾಗ ಸರಿ. ಅದು ಕಾಳನ್ನು ಬೀಸುವುದಿಲ್ಲ, ಸಿಕ್ಕ ಸಿಕ್ಕಲ್ಲಿ ಹೊಡೆಯುತ್ತದೆ. ಹೆಚ್ಚು ಹೊತ್ತು ಓಡಿಸಿದರೆ ಬಿಸಿಯೇರಿ ಪರಿಮಳ ಮುಚ್ಚಳ ತೆಗೆದ ಕೂಡಲೇ ಹೊರಟುಹೋಗುತ್ತದೆ. ದಿನಕ್ಕೆ ಅರ್ಧ ಚಮಚಕ್ಕೆ ಅದನ್ನು ತೊಳೆದು ಒರೆಸುವ ತಾಳ್ಮೆ ಯಾರಿಗೂ ಇರುವುದಿಲ್ಲ.

ಕೊಳ್ಳುವ ಮುನ್ನ, ಅಥವಾ ಕೊಂಡ ದಿನವೇ

ಒಂದು ಬಿಳಿ ಹಾಳೆ ಹಾಸಿ ಮಿಲ್ ಅನ್ನು ತರಿಯ ತುದಿಗೆ ಹೊಂದಿಸಿ 10 ಪೂರ್ಣ ಸುತ್ತು ಬೀಸಬೇಕು. ಮೊದಲು ಪುಡಿಯನ್ನು ನೋಡಬೇಕು, ಆಮೇಲೆ ಹಾಳೆಯನ್ನು ಓರೆ ಮಾಡಿ ತಟ್ಟಬೇಕು. ಚೂರುಗಳು ಉರುಳಿ ಹೋದ ಮೇಲೆ ಹಾಳೆಯಲ್ಲಿ ಬೂದು ಬಣ್ಣದ ಧೂಳು ದಟ್ಟವಾಗಿ ಉಳಿದರೆ ಹಲ್ಲು ಕತ್ತರಿಸುತ್ತಿಲ್ಲ, ಜಜ್ಜುತ್ತಿದೆ. ಅನಂತರ ನುಣುಪಿನ ತುದಿಗೆ ಬದಲಿಸಿ ಇನ್ನೂ 10 ಸುತ್ತು. ಎರಡೂ ರಾಶಿಗಳನ್ನು ಅಕ್ಕಪಕ್ಕ ಇಟ್ಟಾಗ ದೂರದಿಂದಲೇ ವ್ಯತ್ಯಾಸ ತಿಳಿಯಬೇಕು. ಮನೆಯಲ್ಲಿ ಗ್ರಾಮಿನ ಹತ್ತನೇ ಒಂದು ಭಾಗ ತೋರಿಸುವ ತಕ್ಕಡಿ ಇದ್ದರೆ ತೂಗಿಯೇ ಬಿಡಬಹುದು. ತಕ್ಕಡಿಯಿಲ್ಲದಿದ್ದರೆ ಮಧ್ಯಮ ತರಿಯಲ್ಲಿ ಒಂದು ಟೀ ಚಮಚ ತುಂಬಲು ಎಷ್ಟು ಸುತ್ತು ಬೇಕಾಯಿತು ಎಂದು ಎಣಿಸಿದರೆ ಸಾಕು. 30 ಸುತ್ತಿನೊಳಗೆ ತುಂಬಿದರೆ ಅದನ್ನು ಒಲೆಯ ಪಕ್ಕಕ್ಕೆ ತಕ್ಕದ್ದೆಂದು ನಾನು ಎಣಿಸುತ್ತೇನೆ, 60 ದಾಟಿದರೆ ಮೇಜಿಗೆ ಕಳಿಸುತ್ತೇನೆ. ಈ ಗೆರೆ ನನ್ನ ಕೈ ಹಾಕಿದ್ದು, ಹೆಚ್ಚು ಬಲವಿರುವವರು ಅದನ್ನು ಸ್ವಲ್ಪ ಆಚೆ ಎಳೆದುಕೊಳ್ಳಬಹುದು.

ಅಡುಗೆಯಲ್ಲಿ ಮೆಣಸನ್ನು ಧಾರಾಳವಾಗಿ ಬಳಸುವವರಿಗೆ ಉಕ್ಕಿನ ಹಲ್ಲು, ತಳದ ಹೊಂದಾಣಿಕೆ, ಉದ್ದ ತೋಳಿನ ಹಿಡಿಕೆ ಅಥವಾ ದಪ್ಪ ತಲೆ, ಅಗಲ ಬಾಯಿ, ಇಷ್ಟಿರುವ ಕೈಮಿಲ್ ಒಂದು ಸಾಕು. ಹಬೆ ತುಂಬಿದ ಅಡುಗೆಮನೆಯವರು ಹಲ್ಲನ್ನು ಮಾತ್ರ ಸೆರಾಮಿಕ್ಕಿಗೆ ಬದಲಿಸಿಕೊಂಡು ಉಳಿದದ್ದನ್ನು ಹಾಗೆಯೇ ಇಟ್ಟುಕೊಳ್ಳಬಹುದು. ತಿಂಗಳಿಗೆ ಎರಡು ಮೂರು ಸಲ ಮಾತ್ರ ಮೆಣಸು ಮುಟ್ಟುವ ಮನೆಯಲ್ಲಿ ಕುಟ್ಟಾಣಿಯಿದ್ದರೆ ಮಿಲ್ ಕೊಳ್ಳುವ ಅಗತ್ಯವೇ ಇಲ್ಲ. ಕೊಳ್ಳುವಾಗ ಹಲ್ಲುಗಳಿಗೆ ಪ್ರತ್ಯೇಕ ಖಾತರಿ ಇದೆಯೇ, ಹಲ್ಲುಗಳ ಜೋಡಿ ಬಿಡಿಯಾಗಿ ಸಿಗುತ್ತದೆಯೇ ಎಂದು ವಿಚಾರಿಸುವುದು ಒಳ್ಳೆಯದು; ಖಾತರಿಯ ಷರತ್ತಿನಲ್ಲಿ ಉಪ್ಪು ಹಾಕಬಾರದು ಎಂಬ ಸಾಲು ಇದ್ದರೆ ಅದನ್ನು ಮನೆಯವರೆಲ್ಲರಿಗೂ ಓದಿ ಹೇಳಬೇಕು.

ಎಂಥ ಮಿಲ್ ಆದರೂ ಅದನ್ನು ಬೇಗ ಹಾಳುಮಾಡುವುದು ಹಬೆ. ಕುದಿಯುವ ಪಾತ್ರೆಯ ಮೇಲೆ ಹಿಡಿದು ತಿರುಗಿಸಿದಾಗ ಏರಿದ ಹಬೆ ಹಲ್ಲುಗಳಲ್ಲಿ ನೀರಾಗುತ್ತದೆ, ಪುಡಿಯ ಜೊತೆ ಸೇರಿ ಅಂಟಾಗುತ್ತದೆ, ಆ ಅಂಟು ಒಣಗಿ ಗಟ್ಟಿಯಾಗುತ್ತದೆ. ಪಕ್ಕದಲ್ಲೊಂದು ಪುಟ್ಟ ಬಟ್ಟಲಿಗೆ ಬೀಸಿಕೊಂಡು ಅಲ್ಲಿಂದ ಪಾತ್ರೆಗೆ ಹಾಕಿದರೆ ಹಬೆಯ ಕಾಟವೂ ತಪ್ಪುತ್ತದೆ, ಎಷ್ಟು ಹಾಕಿದೆವು ಎಂಬುದೂ ಕಣ್ಣಿಗೆ ಕಾಣುತ್ತದೆ. ಗುಲಾಬಿ ಮೆಣಸೆಂದು ಮಾರುವ ಹಣ್ಣು ನಿಜಕ್ಕೆ ಕಾಳುಮೆಣಸಿನ ಜಾತಿಯೇ ಅಲ್ಲ. ಮೃದುವಾದ, ಅಂಟಂಟಾದ ಅದನ್ನು ಒಂದಷ್ಟು ಕರಿಮೆಣಸಿನ ಜೊತೆ ಬೆರೆಸದೆ ಮಿಲ್‌ಗೆ ಹಾಕಬಾರದು. ಉಪ್ಪುನೀರಿನಲ್ಲಿ ಕೆಡದಂತೆ ಇಟ್ಟ ಹಸಿರು ಮೆಣಸನ್ನಂತೂ ಮಿಲ್‌ನ ಹತ್ತಿರಕ್ಕೂ ತರಬಾರದು. ತೊಳೆಯುವ ಕೆಲಸ ಉಕ್ಕಿನ ಹಲ್ಲಿಗೆ ಇಲ್ಲ. ಎರಡು ಮೂರು ತಿಂಗಳಿಗೊಮ್ಮೆ ಕಾಳು ಮುಗಿದಾಗ ಮಿಲ್ ಅನ್ನು ಬಿಚ್ಚಿ, ಹಲ್ಲುಗಳ ಸಂದಿನಲ್ಲಿ ಕೂತದ್ದನ್ನು ಗಟ್ಟಿ ಕೂದಲಿನ ಒಣ ಬ್ರಷ್ಷಿನಿಂದ ಉಜ್ಜಿ ತೆಗೆದು, ಮರದ ಮೈಯನ್ನು ಒಣ ಬಟ್ಟೆಯಿಂದ ಒರೆಸಿ ಮತ್ತೆ ಜೋಡಿಸಬೇಕು. ಜೋಡಿಸುವಾಗ ಸ್ಪ್ರಿಂಗ್ ಯಾವ ಕಡೆಗಿತ್ತು ಎಂಬುದನ್ನು ಬಿಚ್ಚುವಾಗಲೇ ನೋಡಿಟ್ಟುಕೊಂಡಿರಬೇಕು.